ಬಾಡಿಗೆ ಲ್ಯಾಂಬೋರ್ಗಿನಿ ಮತ್ತು ಒಂದು ಮದುವೆ ಮಾತುಕತೆ

ಕಳೆದ ತಿಂಗಳು ಒಂದು ಸಂಜೆ ಐಗಳಿಯ ಚಹಾದಂಗಡಿಯಲ್ಲಿ ಕೂತಿದ್ದೆವು. ಪಕ್ಕದಲ್ಲಿದ್ದ ಹುಡುಗ ಮೊಬೈಲನ್ನು ನಮ್ಮ ಮುಖದ ಹತ್ತಿರ ಹಿಡಿದ. "ಹಜ್ರತ್, ಇವ ನಿಮ್ಮ ಅಕ್ಕನ ಮಗ ಅಲ್ರಿ? ಹೋದ ವರ್ಷ ಇಲ್ಲಿ ಬಂದಿದ್ನಲ್ಲ?"

ನೋಡಿದರೆ ಹೌದು, ನಮ್ಮ ಅಳಿಯನೇ. ಹಳದಿ ಬಣ್ಣದ, ನೆಲಕ್ಕೆ ಅಂಟಿಕೊಂಡಂತಿರುವ ಲ್ಯಾಂಬೋರ್ಗಿನಿ ಕಾರಿನ ಸ್ಟೇರಿಂಗ್ ಹಿಡಿದು ಕೂತಿದ್ದಾನೆ. ಕಪ್ಪು ಕನ್ನಡಕ. ಹಿಂದೆ ಬುರ್ಜ್ ಖಲೀಫ. ಆಮೇಲೆ ಕಾರು ಓಡುತ್ತದೆ, ಎರಡೂ ಬದಿಯಲ್ಲಿ ಗಾಜಿನ ಕಟ್ಟಡಗಳು ಹಿಂದಕ್ಕೆ ಸರಿಯುತ್ತವೆ, ಎದೆ ನಡುಗಿಸುವ ಸದ್ದು. ಒಟ್ಟು ನಲವತ್ತು ಸೆಕೆಂಡಿನ ವಿಡಿಯೋ.

"ಏನ್ ಪಗಾರ ಐತ್ರೀ ಇವಂಗ?" ಎಂದ ಇನ್ನೊಬ್ಬ. ಸುತ್ತ ಕೂತ ನಾಲ್ಕೈದು ಮಂದಿ ನಮ್ಮ ಬಾಯಿ ನೋಡಿದರು. ಈ ಅಥಣಿ ಕಡೆಯಲ್ಲಿ ದ್ರಾಕ್ಷಿ ತೋಟ ಮಾಡಿ, ಮಳೆ ಬಂದರೆ ಎಲ್ಲವೂ ಹೋಯಿತು ಎಂದು ಆಕಾಶ ನೋಡುತ್ತಾ ಬದುಕುವವರು ಅವರು. ನಾವು ಏನೋ ಹೇಳಿ ತಪ್ಪಿಸಿಕೊಂಡೆವು. ಸಂಬಳ ಎಷ್ಟೆಂದು ನಮಗೆ ಗೊತ್ತಿತ್ತು. ದೇರಾದಲ್ಲಿ ಒಂದು ಸೂಪರ್ ಮಾರ್ಕೆಟಿನಲ್ಲಿ ಸರಕು ಜೋಡಿಸುವ ಕೆಲಸ, ತಿಂಗಳಿಗೆ 2,000 ದಿರ್ಹಂ, ಒಂದು ರೂಮಿನಲ್ಲಿ ಎಂಟು ಮಂದಿ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ವಿಡಿಯೋ ನಮಗೆ ಹೊಸತಾಗಿರಲಿಲ್ಲ. ಅದಕ್ಕೂ ಎರಡು ದಿನ ಮೊದಲೇ ನಮ್ಮ ಕುಟುಂಬದ ಗ್ರೂಪಿಗೆ ಬಂದಿತ್ತು. ನಾವೇ 'ಮಾಶಾ ಅಲ್ಲಾಹ್' ಎಂದು ಬರೆದು, ಊರಿನ ಇನ್ನೂ ಎರಡು ಗ್ರೂಪಿಗೆ ದಾಟಿಸಿದ್ದೆವು. ಮಕ್ಕಳಿಗೆ ಬೆಳಗ್ಗೆ ಎದ್ದು ಸತ್ಯ ಹೇಳಬೇಕು, ವಿಚಾರಿಸದೆ ಸುದ್ದಿ ಹರಡಬಾರದು ಎಂದು ಪಾಠ ಮಾಡುವ ಉಸ್ತಾದರ ಕಥೆ ಇದು.

ಆ ರಾತ್ರಿ ಅಳಿಯನಿಗೆ ಫೋನ್ ಮಾಡಿದೆವು. "ಅದು ಪ್ಯಾಕೇಜ್ ಮಾಮಾ" ಎಂದ, ನಗುತ್ತಾ. ರಜಾ ದಿನ ರೂಮಿನ ಆರು ಮಂದಿ ಸೇರಿ ಒಂದು ಸಿಟಿ ಟೂರ್ ತೆಗೆದುಕೊಂಡಿದ್ದಾರೆ. ವ್ಯಾನು, ಒಬ್ಬ ಗೈಡ್. ಬೆಳಗ್ಗೆ ದುಬೈ ಫ್ರೇಮ್, ಜುಮೈರಾ ಮಸೀದಿ, ದೂರದಿಂದ ಬುರ್ಜ್ ಅಲ್ ಅರಬ್, ಪಾಮ್, ಕೊನೆಗೆ ಬುರ್ಜ್ ಖಲೀಫದ ಬುಡ. ಅದರ ಜೊತೆಗೆ ಬೇಕಾದವರಿಗೆ ಸ್ಪೋರ್ಟ್ಸ್ ಕಾರಿನಲ್ಲಿ ಒಂದು ಸುತ್ತು. ಅದಕ್ಕೆ ಬೇರೆ ದುಡ್ಡು, ಇವನಿಗೆ 700 ದಿರ್ಹಂ ಬಿತ್ತು.

"ನೀನು ಓಡಿಸಿದ್ದಾ?" ಎಂದು ಕೇಳಿದೆವು.

ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಮಾಮಾ. ನನಗೆ ಇಲ್ಲಿನ ಲೈಸೆನ್ಸ್ ಎಲ್ಲಿದೆ? ಓಡಿಸಿದ್ದು ಅವರ ಡ್ರೈವರ್. ನಾನು ಪಕ್ಕದ ಸೀಟು. ನಿಲ್ಲಿಸಿದಾಗ ಆಚೆ ಸೀಟಿಗೆ ಹೋಗಿ ಫೋಟೋ."

ಇಷ್ಟೇ ವಿಷಯ. ಇದರಲ್ಲಿ ಅಪರಾಧ ಏನಿದೆ? ಪ್ರಾಯದ ಹುಡುಗ, ವರ್ಷವಿಡೀ ಕೂಲ್ ರೂಮಿನಿಂದ ಪೆಟ್ಟಿಗೆ ಎತ್ತುವವನು, ಒಂದು ದಿನ ಒಳ್ಳೆಯ ಕಾರಿನಲ್ಲಿ ಕೂತ. ಅವನ ದುಡ್ಡು, ಅವನ ಖುಷಿ. ಇದನ್ನೇ ದೊಡ್ಡ ಹರಾಮು ಎಂಬಂತೆ ಮಿಂಬರಿನಲ್ಲಿ ಹೇಳುವವರ ಜೊತೆ ನಮಗೆ ಸಹಮತ ಇಲ್ಲ. ದುಂದು ವೆಚ್ಚದ ಮಾತು ಆಡುವುದಾದರೆ 700 ದಿರ್ಹಂನ ಹುಡುಗನಿಂದ ಶುರು ಮಾಡುವುದು ಬೇಡ. ನಮ್ಮ ಮದುವೆ ಹಾಲುಗಳ ಊಟದ ಮೇಜಿನಿಂದ ಶುರು ಮಾಡಬಹುದು.

ತೊಂದರೆ ಬಂದದ್ದು ಬೇರೆ ಕಡೆಯಿಂದ.

ಅಕ್ಕನಿಗೆ ಇವನಲ್ಲದೆ ಒಬ್ಬ ಮಗಳಿದ್ದಾಳೆ. ಭಾವ ತೀರಿಕೊಂಡು ಐದು ವರ್ಷವಾಯಿತು. ಮಗಳಿಗೆ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಒಳ್ಳೆಯವ, ಮನೆಯವರೂ ಪರವಾಗಿಲ್ಲ. ಚಿನ್ನದ ಬಗ್ಗೆ ಬಾಯಿಬಿಟ್ಟು ಏನೂ ಕೇಳಿರಲಿಲ್ಲ. "ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ" ಎಂದಿದ್ದರಂತೆ. ನಮ್ಮ ಕಡೆ ಈ ಮಾತಿಗೆ ಎಷ್ಟು ಅರ್ಥಗಳಿವೆ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅಕ್ಕ ಸಮಾಧಾನದಲ್ಲಿದ್ದಳು.

ವಿಡಿಯೋ ಬಂದ ವಾರದೊಳಗೆ ಆ ಕಡೆಯಿಂದ ಹೆಂಗಸರೊಬ್ಬರು ಮನೆಗೆ ಬಂದರು. ಚಹಾ ಕುಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ದುಬೈಯಲ್ಲಿ ಅಂಥ ಕಾರು ಓಡಿಸುವ ಅಣ್ಣ, ತಂಗಿಗೆ ಒಂದು ಸ್ವಿಫ್ಟ್ ಕೊಡಿಸ್ಲಿಕ್ಕೆ ಕಷ್ಟ ಉಂಟಾ?" ಎಂದರಂತೆ. ತಮಾಷೆಗೆ ಎಂಬ ಹಾಗೆ. ಆದರೆ ಮದುವೆ ಮಾತುಕತೆಯ ಕಾಲದಲ್ಲಿ ತಮಾಷೆ ಎಂಬುದು ಇರುವುದಿಲ್ಲ.

ಅದೇ ವಾರ ಇನ್ನೊಂದೆರಡು ಆಯಿತು. ಮನೆ ರಿಪೇರಿಗೆಂದು ಅಕ್ಕ ಕೈಸಾಲ ತಂದಿದ್ದ ಕಡೆಯವರು, ಎರಡು ವರ್ಷ ಒಂದು ಮಾತು ಕೇಳದವರು, ನೆನಪು ಮಾಡಿದರು. ಊರಿನ ಒಂದು ಸಂಘದವರು ಕಟ್ಟಡ ನಿಧಿಗೆ ಅವನ ಹೆಸರಿನಲ್ಲಿ ದೊಡ್ಡ ಮೊತ್ತ ಬರೆದುಕೊಂಡು ಬಂದರು. ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಹೇಗೆ ಹೇಳುವುದು? 'ಅದು ಬಾಡಿಗೆ ಕಾರು, ಅದೂ ಒಂದು ಗಂಟೆಗೆ, ಮಗ ಓಡಿಸಿದ್ದೂ ಅಲ್ಲ' ಎಂದರೆ ಮಗನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಮಗಳ ಮದುವೆ.

ಅಳಿಯ ಮಾಡಿದ ಖರ್ಚು 700 ದಿರ್ಹಂ, ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರ ರೂಪಾಯಿ ಚಿಲ್ಲರೆ. ಆ ದುಡ್ಡು ಹೋದದ್ದು ದೊಡ್ಡ ವಿಷಯ ಅಲ್ಲ. ಅದು ಬಾಡಿಗೆ ಎಂಬ ಒಂದು ಮಾತನ್ನು ವಿಡಿಯೋದ ಕೆಳಗೆ ಬರೆಯದೆ ಇದ್ದದ್ದಕ್ಕೆ ಮನೆಯವರು ತೆರುತ್ತಿರುವುದು ಅದರ ಎಷ್ಟು ಪಾಲು? ನಾವು ಈ ಲೇಖನದಲ್ಲಿ ಹೇಳಹೊರಟದ್ದು ಇದನ್ನೇ. ಕಾರಿನಲ್ಲಿ ಕೂರಿ, ನಗರ ಸುತ್ತಿ, ಬೇಡ ಎನ್ನುವುದಿಲ್ಲ. ಬಾಡಿಗೆ ಎಂದು ಹೇಳಿ. ಎಷ್ಟು ಕೊಟ್ಟಿರಿ ಅಂತಲೂ ಹೇಳಿ. ನಿಮ್ಮ ಸುಖ ನಿಮ್ಮ ಉಮ್ಮನ ತಲೆಯ ಮೇಲೆ ಸಾಲವಾಗಿ ಕೂರುವುದು ಬೇಡ.

ಇಂಥ ಪ್ಯಾಕೇಜುಗಳನ್ನು ಮಾರುವವರಿಗೆ ಗಿರಾಕಿಯ ಮನಸ್ಸು ಚೆನ್ನಾಗಿ ಗೊತ್ತು. ಅಳಿಯ ಹೇಳಿದ ಪ್ರಕಾರ ಆ ಒಂದು ಗಂಟೆಯಲ್ಲಿ ಕಾರು ಓಡಿದ್ದು ಅರ್ಧದಷ್ಟು ಹೊತ್ತು. ಉಳಿದ ಹೊತ್ತು ಫೋಟೋಕ್ಕೆ. ಎಲ್ಲಿ ನಿಲ್ಲಿಸಿದರೆ ಹಿಂದೆ ಬುರ್ಜ್ ಖಲೀಫ ತುದಿಯವರೆಗೂ ಬರುತ್ತದೆ ಎಂದು ಡ್ರೈವರಿಗೆ ಗೊತ್ತು. 828 ಮೀಟರ್ ಎತ್ತರದ ಕಟ್ಟಡವಲ್ಲವೇ, ಹತ್ತಿರ ನಿಂತರೆ ಹಿಡಿಸುವುದಿಲ್ಲ. ವಿಡಿಯೋ ತೆಗೆದುಕೊಡುವುದೂ ಅವನೇ. ನಗರ ನೋಡುವುದಕ್ಕೆಂದು ಕೊಟ್ಟ ದುಡ್ಡು, ನಗರದ ಮುಂದೆ ನಮ್ಮನ್ನು ಬೇರೆಯವರು ನೋಡುವುದಕ್ಕೆ ಖರ್ಚಾಗುತ್ತದೆ.

ಹಾಗಾದರೆ ಸ್ವತಃ ಓಡಿಸುವವರ ಕಥೆ ಏನು? ಅದು ಇನ್ನೂ ಜಾಗ್ರತೆಯ ವಿಷಯ. ರಜೆಯಲ್ಲಿ, ಉಮ್ರಾ ಮುಗಿಸಿ ಬರುವಾಗ, ಅಣ್ಣತಮ್ಮಂದಿರನ್ನು ನೋಡಲಿಕ್ಕೆಂದು ಕರಾವಳಿಯಿಂದ ದುಬೈಗೆ ಹೋಗುವವರು ಈಗ ಬಹಳ ಮಂದಿ. ಅವರಲ್ಲಿ ಪ್ರಾಯದ ಹುಡುಗರಿದ್ದರೆ ಒಂದು ದಿನ ಇಂಥ ಕಾರು ಬಾಡಿಗೆಗೆ ತೆಗೆಯುವ ಆಸೆ ಬಂದೇ ಬರುತ್ತದೆ.

2018ರಲ್ಲಿ ನಡೆದ ಒಂದು ಘಟನೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಬ್ರಿಟನ್ನಿಂದ ಬಂದ ಒಬ್ಬ ಯುವ ಪ್ರವಾಸಿ ದುಬೈಯಲ್ಲಿ ಲ್ಯಾಂಬೋರ್ಗಿನಿ ಹುರಕಾನ್ ಬಾಡಿಗೆಗೆ ತೆಗೆದ. ನಡುರಾತ್ರಿ ಕಳೆದ ಮೇಲೆ ಶೇಖ್ ಝಾಯಿದ್ ರಸ್ತೆಯಲ್ಲಿ ಓಡಿಸಿದ. ನಾಲ್ಕು ಗಂಟೆಯೊಳಗೆ ರಸ್ತೆಬದಿಯ ಕ್ಯಾಮರಾಗಳು ಮೂವತ್ತಕ್ಕೂ ಹೆಚ್ಚು ಸಲ ಅವನನ್ನು ಹಿಡಿದವು. ದಂಡ ಸುಮಾರು 1 ಲಕ್ಷ 70 ಸಾವಿರ ದಿರ್ಹಂ. ಅಂದಿನ ಲೆಕ್ಕದಲ್ಲಿ 30 ಲಕ್ಷ ರೂಪಾಯಿ ದಾಟುತ್ತದೆ. ಬಾಡಿಗೆ ಕೊಟ್ಟವರ ಕೈಯಲ್ಲಿ ಅವನ ಪಾಸ್‌ಪೋರ್ಟ್, ಅವನ ಕೈಯಲ್ಲಿ ಅವರ ಕಾರು. ಕಾರು ವಾಪಸ್ ತೆಗೆದುಕೊಂಡರೆ ದಂಡ ತಮ್ಮ ತಲೆಗೆ ಬರುತ್ತದೆಂದು ಅವರು ಕಾರು ತರಲು ಹೋಗಲಿಲ್ಲ. ಅದು ಹೋಟೆಲಿನ ಎದುರು ನಿಂತಿತ್ತು.

ಅಲ್ಲಿ ಪೊಲೀಸ್ ನಿಲ್ಲಿಸಿ ಕೈ ತೋರಿಸುವುದಿಲ್ಲ, ಮಾತಾಡಿ ಬಿಡಿಸಿಕೊಳ್ಳುವ ವ್ಯವಹಾರ ಇಲ್ಲ. ವೇಗದ ಮಿತಿಗಿಂತ 60 ಕಿಲೋಮೀಟರ್ ಮೇಲೆ ಹೋದರೆ 2,000 ದಿರ್ಹಂ, 12 ಬ್ಲ್ಯಾಕ್ ಪಾಯಿಂಟ್, 30 ದಿನ ಗಾಡಿ ಜಪ್ತಿ. 80 ದಾಟಿದರೆ 3,000 ದಿರ್ಹಂ, 23 ಪಾಯಿಂಟ್, 60 ದಿನ ಜಪ್ತಿ. ಬಾಡಿಗೆ ಕಾರು ಜಪ್ತಿಯಾಗಿ ನಿಂತ ದಿನಗಳ ಬಾಡಿಗೆ ಯಾರು ಕೊಡಬೇಕು? ಕರಾರು ಪತ್ರದ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದುವವರು ಕಡಿಮೆ. ಲ್ಯಾಂಬೋರ್ಗಿನಿಯಂಥ ಕಾರಿಗೆ 60 ದಾಟಿ ಹೋಗುವುದು ಒಂದು ಕ್ಷಣದ ಕೆಲಸ, ಕಾಲಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿನ ಪೊಲೀಸರ ಬಳಿ ಬುಗಾಟಿ ವೇರಾನ್ ಇದೆ, ಗಂಟೆಗೆ 407 ಕಿಲೋಮೀಟರ್ ಓಡಬಲ್ಲದು. 2017ರಲ್ಲಿ ಜಗತ್ತಿನ ಅತಿ ವೇಗದ ಪೊಲೀಸ್ ಕಾರು ಎಂದು ಗಿನ್ನೆಸ್ ದಾಖಲೆಗೆ ಸೇರಿತು.

ಲೈಸೆನ್ಸಿನ ವಿಷಯದಲ್ಲಿ ನಮ್ಮವರಿಗೆ ಒಂದು ಗೊಂದಲ ಇದೆ. ವಿಸಿಟ್ ವೀಸಾದಲ್ಲಿ ಹೋಗುವವರು ಊರಿನ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ತೆಗೆದುಕೊಂಡು ಹೋಗಬೇಕು. ನಮ್ಮ ಆರ್‌ಟಿಒ ಕಚೇರಿಯಲ್ಲೇ ಕೊಡುತ್ತಾರೆ, ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಆದರೆ ಅಲ್ಲಿ ಕೆಲಸದ ವೀಸಾ ಹೊಡೆದವರಿಗೆ ಅದು ನಡೆಯುವುದಿಲ್ಲ. ಅವರಿಗೆ ಅಲ್ಲಿನ ಲೈಸೆನ್ಸೇ ಬೇಕು. ಅಣ್ಣ ಅಲ್ಲಿ ಕೆಲಸಕ್ಕಿದ್ದು, ತಮ್ಮ ವಿಸಿಟಿಗೆ ಬಂದು, ತಮ್ಮನ ಹೆಸರಿನಲ್ಲಿ ಕಾರು ತೆಗೆದು ಅಣ್ಣ ಸ್ಟೇರಿಂಗ್ ಹಿಡಿಯುವುದು ಉಂಟು. ಅಪಘಾತವಾದರೆ ವಿಮೆ ಕೈ ಎತ್ತುತ್ತದೆ. ಅಣ್ಣನ ಕೆಲಸವೂ ಹೋಗಬಹುದು.

ಮತ್ತೆ ಡೆಪಾಸಿಟ್. ನಮ್ಮ ಪರಿಚಯದ ಒಬ್ಬರು ಹೀಗೆ ಕಾರು ತೆಗೆದು, ಒಂದು ಗೀರೂ ಆಗದಂತೆ ವಾಪಸ್ ಕೊಟ್ಟು ಊರಿಗೆ ಬಂದರು. ಡೆಪಾಸಿಟ್ ಮೂರು ವಾರದಲ್ಲಿ ಬರುತ್ತದೆ ಎಂದಿದ್ದರಂತೆ. ತಿಂಗಳಾದ ಮೇಲೆ 'ಕೆಳಭಾಗದಲ್ಲಿ ಗೀರು' ಎಂದು ಒಂದು ಫೋಟೋ ಬಂತು, ಅರ್ಧಕ್ಕಿಂತ ಹೆಚ್ಚು ದುಡ್ಡು ಕಡಿತ. ಊರಲ್ಲಿ ಕೂತು ಯಾರ ಹತ್ತಿರ ಜಗಳ ಮಾಡುವುದು? ಕಾರು ಕೈಗೆ ತೆಗೆದುಕೊಳ್ಳುವಾಗ ಸುತ್ತಲೂ, ಬಗ್ಗಿ ಕೆಳಗೂ ವಿಡಿಯೋ ಮಾಡಿಟ್ಟುಕೊಳ್ಳಿ. ಬುರ್ಜ್ ಖಲೀಫದ ವಿಡಿಯೋಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದುಬೈ ಮಾತ್ರ ಅಲ್ಲ, ನಮ್ಮ ಊರಿಗೂ ಈ ಗಾಳಿ ಬಂದಾಗಿದೆ. ಪುದಿಯಾಪ್ಳ ಮನೆಯಿಂದ ಹಾಲಿಗೆ ಬರುವುದು ಎರಡು ಕಿಲೋಮೀಟರ್. ಅದಕ್ಕೆ ಎಲ್ಲಿಂದಲೋ ತಂದ ಕೋಟಿಯ ಕಾರು, ಹಿಂದೆ ಮುಂದೆ ತೆರೆದ ಜೀಪುಗಳು, ಪೇಟೆಯಲ್ಲೊಂದು ಸುತ್ತು. ಕಾರಿನ ಯಜಮಾನ ಯಾರೋ ಸ್ನೇಹಿತನ ಸ್ನೇಹಿತ. 'ಬಾಡಿಗೆ ಅಲ್ಲ, ಹಾಗೇ ಕೊಟ್ಟದ್ದು' ಎನ್ನುತ್ತಾರೆ, ಕವರಿನಲ್ಲಿ ದುಡ್ಡು ಹೋಗಿರುತ್ತದೆ. ನಂಬರ್ ಪ್ಲೇಟ್ ನೋಡಿ. ಬಿಳಿ ಪ್ಲೇಟಿನ ಗಾಡಿ ಸ್ವಂತ ಬಳಕೆಗೆ ಮಾತ್ರ. ನಾವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಪ್ಲೇಟಿನಲ್ಲಿ ಹಳದಿ ಅಕ್ಷರ ಇರಬೇಕು, ಟ್ಯಾಕ್ಸಿಗೆ ಹಳದಿ ಪ್ಲೇಟಿನಲ್ಲಿ ಕಪ್ಪು ಅಕ್ಷರ. ಬಿಳಿ ಪ್ಲೇಟಿನ ಗಾಡಿಯನ್ನು ಬಾಡಿಗೆಗೆ ಓಡಿಸಿ ಎಲ್ಲಿಗಾದರೂ ಗುದ್ದಿದರೆ ರಿಪೇರಿಯ ದುಡ್ಡನ್ನು ವಿಮೆಯವರು ತಿರಸ್ಕರಿಸಬಹುದು. ಕೋಟಿಯ ಕಾರಿನ ಒಂದು ಹೆಡ್‌ಲೈಟಿನ ದುಡ್ಡಿನಲ್ಲಿ ನಮ್ಮಲ್ಲಿ ಒಂದು ನಿಖಾಹ್ ಮುಗಿಯುತ್ತದೆ. ಇನ್ನು ಆ ಸಾಲಿನಲ್ಲಿ ಹದಿನಾರು ವರ್ಷದ ಹುಡುಗ ಜೀಪು ಓಡಿಸುತ್ತಿದ್ದರೆ, 2019ರ ತಿದ್ದುಪಡಿಯ ನಂತರ ಕಾನೂನು ಹಿಡಿಯುವುದು ಮನೆಯ ಹಿರಿಯರನ್ನು ಅಥವಾ ಗಾಡಿಯ ಯಜಮಾನನನ್ನು. 25,000 ರೂಪಾಯಿ ದಂಡ, ಮೂರು ವರ್ಷದ ವರೆಗೆ ಜೈಲು.

ಇಂಥ ಕಾರುಗಳ ಯಜಮಾನರೆಲ್ಲ ನಿಶ್ಚಿಂತೆಯಲ್ಲಿದ್ದಾರೆ ಎಂದೂ ತಿಳಿಯಬೇಡಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ರಸ್ತೆಗಿಳಿದು, ತೆರಿಗೆ ಕಟ್ಟದ ಮೂವತ್ತು ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಅದೇ ಜುಲೈಯಲ್ಲಿ ಮಹಾರಾಷ್ಟ್ರದ ನೋಂದಣಿಯಲ್ಲಿ ಬೆಂಗಳೂರಲ್ಲಿ ಓಡಾಡುತ್ತಿದ್ದ ಒಂದು ಫೆರಾರಿಯ ಯಜಮಾನ ಒಂದೇ ದಿನ 1 ಕೋಟಿ 41 ಲಕ್ಷಕ್ಕೂ ಮಿಕ್ಕಿ ತೆರಿಗೆ ಮತ್ತು ದಂಡ ಕಟ್ಟಬೇಕಾಯಿತು. ಇಲ್ಲಿ ಚಹಾದಂಗಡಿಯಲ್ಲಿ ಈ ಸುದ್ದಿ ಓದಿ ಹೇಳಿದಾಗ ಒಬ್ಬ ಅಜ್ಜ ಕೇಳಿದ್ದು ಒಂದೇ ಮಾತು: "ಅಷ್ಟ್ ರೊಕ್ಕಾ ಕಟ್ಟಿದ ಮ್ಯಾಲೆ ಡೀಸೆಲ್‌ಗೆ ಏನ್ ಮಾಡ್ತಾನ್ರೀ?"

ಅಳಿಯನ ಫೋನಿಗೆ ಹಿಂತಿರುಗೋಣ. ಬೈಯುವುದು ಮುಗಿದ ಮೇಲೆ, ಕುತೂಹಲಕ್ಕೆ, "ಗೈಡ್ ಏನೆಲ್ಲ ಹೇಳಿದ?" ಎಂದು ಕೇಳಿದೆವು. ಅವನಿಗೆ ನೆನಪಿಲ್ಲ. ಎಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾನೆ ಎಂಬುದು ಮಾತ್ರ ಕೇಳಿಸಿಕೊಂಡಿದ್ದಾನೆ. ಮೂರು ವರ್ಷದಿಂದ ದೇರಾದಲ್ಲಿದ್ದಾನೆ, ಖೋರ್ ದಾಟಿಸುವ ಅಬ್ರಾ ದೋಣಿಯಲ್ಲಿ ಕೂತಿದ್ದಾನೆ, ಆದರೆ ಆಚೆ ದಡದ ಅಲ್ ಫಹೀದಿ ಕೋಟೆಯೊಳಗೆ ಹೋಗಿಲ್ಲ. 1787ರಲ್ಲಿ ಕಟ್ಟಿದ ಕೋಟೆ ಅದು. ಅಬ್ರಾಕ್ಕೆ ಒಂದು ದಿರ್ಹಂ. 700 ದಿರ್ಹಂಗೆ ಏಳು ನೂರು ಸಲ ದಾಟಬಹುದಿತ್ತು ಎಂದು ಲೆಕ್ಕ ಹೇಳಿದೆವು. ಅವನು ನಕ್ಕ. ನಾವು ನಗಲಿಲ್ಲ.

ಯಾಕೆಂದರೆ ಆ ದಡ ನಮ್ಮದೂ ಹೌದು. ಇವನ ಅಜ್ಜ, ನಮ್ಮ ಬಾಪ, ಮುಂಬೈಯಿಂದ 'ದ್ವಾರಕಾ' ಹಡಗಿನಲ್ಲಿ ಡೆಕ್ಕಿನ ಮೇಲೆ ಮಲಗಿಕೊಂಡು ಗಲ್ಫಿಗೆ ಹೋದವರು. 1982ರಲ್ಲಿ ಆ ಹಡಗು ನಿಂತಿತು. ಅದರಲ್ಲಿ ಹೋದ ನಮ್ಮ ಹಿರಿಯರು ಈಗ ಕರಾವಳಿಯ ಮಸೀದಿಗಳಲ್ಲಿ ಕುರ್ಚಿಯ ಮೇಲೆ ಕೂತು ನಮಾಝ್ ಮಾಡುವ ಪ್ರಾಯಕ್ಕೆ ಬಂದಿದ್ದಾರೆ. ಆ ಖೋರಿನ ದಡದಲ್ಲಿ ಮೂಟೆ ಹೊತ್ತವರು, ಹೋಟೆಲಿನಲ್ಲಿ ಪಾತ್ರೆ ತೊಳೆದವರು. ಬಾಪ ಊರಿಗೆ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದರು, ಅತ್ತರು ತಂದರು. ಅವರೂ ಸ್ವಲ್ಪ ಷೋಕಿ ಮಾಡಿದ್ದುಂಟು, ಇಲ್ಲ ಎನ್ನುವುದಿಲ್ಲ. ಅಲ್ಲಿ ಮಲಗುವುದು ಎಲ್ಲಿ ಎಂದು ಅವರೂ ಉಮ್ಮನಿಗೆ ಹೇಳಿರಲಿಲ್ಲ. ಗಲ್ಫಿನ ಬಗ್ಗೆ ಅರ್ಧ ಹೇಳಿ ಅರ್ಧ ಮುಚ್ಚಿಡುವುದು ನಮ್ಮಲ್ಲಿ ಮೊಬೈಲ್ ಬಂದ ಮೇಲೆ ಶುರುವಾದದ್ದಲ್ಲ. ಆದರೆ ಟೇಪ್ ರೆಕಾರ್ಡರ್ ಕಂಡದ್ದು ನಾಲ್ಕು ಮನೆಗೆ. ವಿಡಿಯೋ ಐಗಳಿಯ ಚಹಾದಂಗಡಿಗೂ ಬಂತು.

ಗೈಡ್ ಇಟ್ಟುಕೊಂಡು ನಗರ ಸುತ್ತುವುದು ನಮಗೆ ಇಷ್ಟದ ಕೆಲಸ. ಇದನ್ನು ಹೇಳದಿದ್ದರೆ ನಾವು ಬರೀ ಬೇಡ ಬೇಡ ಎನ್ನುವ ಉಸ್ತಾದರ ಸಾಲಿಗೆ ಸೇರಿಬಿಡುತ್ತೇವೆ. ಕರಾವಳಿ ಬಿಟ್ಟು ಈ ಕಡೆ ಕಲಿಸಲು ಬಂದ ಮೇಲೆ ನಮಗೆ ಸಿಕ್ಕ ದೊಡ್ಡ ಭಾಗ್ಯ ಎಂದರೆ ವಿಜಯಪುರ ಹತ್ತಿರವಾದದ್ದು. ಐಗಳಿಯಿಂದ ಒಂದೂವರೆ ಗಂಟೆಯ ದಾರಿ. ಮೊನ್ನೆ ಚಳಿಗಾಲದಲ್ಲಿ ಮದ್ರಸದ ಹದಿನೈದು ಮಕ್ಕಳನ್ನು ಎರಡು ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು ಹೋದೆವು. ಮಕ್ಕಳ ಮನೆಯವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು.

ಗೋಳಗುಮ್ಮಟಕ್ಕೆ ಬೆಳಗ್ಗೆ ಬೇಗ ಹೋಗಬೇಕು, ಜನ ಸೇರುವ ಮೊದಲು. ಮೂಲೆಯ ಮಿನಾರಿನ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹೋದರೆ, ಈ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ್ದು ಆಚೆ ಬದಿಯಲ್ಲಿ ಕಿವಿಗೆ ಬೀಳುತ್ತದೆ. ಹತ್ತು ಗಂಟೆ ಕಳೆದರೆ ಎಲ್ಲರೂ ಕಿರುಚುವವರೇ, ಏನೂ ಕೇಳುವುದಿಲ್ಲ. ನಮ್ಮ ಒಬ್ಬ ಹುಡುಗ ಗೋಡೆಗೆ ಬಾಯಿಟ್ಟು ಗೆಳೆಯನ ಗುಟ್ಟು ಹೇಳಿಬಿಟ್ಟ, ಅದು ಎಲ್ಲರಿಗೂ ಕೇಳಿಸಿ ಅಲ್ಲೇ ಜಗಳ. ಮುಹಮ್ಮದ್ ಆದಿಲ್ ಶಾಹನ ಗೋರಿ ಅದು, 1656ರಲ್ಲಿ ಕೆಲಸ ನಿಂತಿತು. ನಡುವೆ ಒಂದು ಕಂಬವಿಲ್ಲದೆ ಅಷ್ಟು ದೊಡ್ಡ ಗುಮ್ಮಟ ಹೇಗೆ ನಿಂತಿದೆ ಎಂದು ಮಕ್ಕಳು ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಮುಂದಕ್ಕೆ ಟಾಂಗಾ ಮಾಡಿದೆವು, ಮೂರು ಟಾಂಗಾ. ಉತ್ತರ ಕೊಟ್ಟದ್ದು ಟಾಂಗಾದ ಮುದುಕ. ಒಂದರ ಮೇಲೊಂದು ಅಡ್ಡವಾಗಿ ಬರುವ ಕಮಾನುಗಳು ಚೌಕವಾದ ಗೋಡೆಯ ಮೇಲೆ ದುಂಡಗಿನ ಗುಮ್ಮಟವನ್ನು ಹೊತ್ತುಕೊಳ್ಳುತ್ತವೆ ಎಂದು ಎರಡು ಕೈಯ ಬೆರಳುಗಳನ್ನು ಹೆಣೆದು ತೋರಿಸಿದ. ಲಗಾಮು ಮೊಣಕಾಲಿನ ಸಂದಿಯಲ್ಲಿತ್ತು. ಕುದುರೆಗೆ ದಾರಿ ಗೊತ್ತಿತ್ತು.

ಜಾಮಿಯಾ ಮಸೀದಿಯ ನೆಲದಲ್ಲಿ ಮುಸಲ್ಲಾ ಹಾಸಿದಂತೆ ಗೆರೆ ಎಳೆದ 2,250 ಜಾಗಗಳಿವೆ. ಮಕ್ಕಳು ಎಣಿಸಲು ಹೊರಟು ಇನ್ನೂರರಲ್ಲಿ ತಪ್ಪಿದರು. ಅರ್ಧಕ್ಕೆ ನಿಂತ ಬಾರಾ ಕಮಾನು, 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದು ಇಲ್ಲಿಗೆ ಎಳೆದು ತಂದದ್ದು. ಲಾರಿ, ಕ್ರೇನ್ ಇಲ್ಲದ ಕಾಲದಲ್ಲಿ! ಕೊನೆಗೆ ಊರಿನ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ. ನಮ್ಮ ಮಟ್ಟಿಗೆ ಗೋಳಗುಮ್ಮಟಕ್ಕಿಂತ ಅದೇ ಚೆಂದ. ಇಬ್ರಾಹಿಂ ಆದಿಲ್ ಶಾಹ ಸಂಗೀತಗಾರ, ದಖನಿ ಭಾಷೆಯಲ್ಲಿ ಹಾಡು ಕಟ್ಟಿದವನು. ಅವನ ಗೋರಿಯ ಕಿಟಕಿಗಳನ್ನು ಕಲ್ಲಿನಲ್ಲಿ ಅರಬ್ಬಿ ಅಕ್ಷರಗಳನ್ನೇ ಕೊರೆದು ಮಾಡಿದ್ದಾರೆ. ಅಕ್ಷರದ ಸಂದಿನಿಂದ ಬೆಳಕು ಒಳಗೆ ಬರುತ್ತದೆ. ದಿನಾ ಹಲಗೆಯ ಮೇಲೆ ಅಲಿಫ್, ಬಾ ಬರೆಯುವ ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಅಲ್ಲಿ ಬಾಗಿಲ ಮೇಲೆ ಒಂದು ಬರಹ ಇದೆ. ಕೆಲಸ ಮಾಡಿಸಿದ ಮಲಿಕ್ ಸಂದಲ್‌ನ ಹೆಸರು, ಖರ್ಚಾದ ಹಣ ಎಷ್ಟು ಎಂಬುದು ಅದರಲ್ಲಿದೆ. ಸುಮಾರು ಒಂದೂವರೆ ಲಕ್ಷ ಹೊನ್ನು. ಬಾದಶಹನ ಗೋರಿಗೆ ಎಷ್ಟು ಬಿತ್ತು ಎಂದು ಬಂದವರೆಲ್ಲ ಓದುವ ಹಾಗೆ ಬಾಗಿಲ ಮೇಲೇ ಕೆತ್ತಿಟ್ಟಿದ್ದಾರೆ. ಚಹಾದಂಗಡಿಯಲ್ಲಿ ಅಳಿಯನ ವಿಡಿಯೋ ನೋಡಿದ ದಿನ ನಮಗೆ ನೆನಪಾದದ್ದು ಆ ಬಾಗಿಲು.

ಮದುವೆ ಮಾತಿಗೆ ಬರುತ್ತೇವೆ, ಓದುಗರು ಅದನ್ನೇ ಕಾಯುತ್ತಿರಬಹುದು. ಅಕ್ಕನಿಂದ ಆಗುವುದಿಲ್ಲ ಎಂದು ನಾವೇ ಎರಡು ದಿನ ರಜೆ ಹಾಕಿ ಊರಿಗೆ ಹೋದೆವು. ಹುಡುಗನ ಕಡೆಯ ಹಿರಿಯರ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಕಾರು ಬಾಡಿಗೆಯದ್ದು, ಓಡಿಸಿದ್ದು ಬೇರೆಯವನು, ಹುಡುಗಿಯ ಅಣ್ಣನ ಸಂಬಳ ಇಷ್ಟು, ಸಾಲ ಇಷ್ಟು. ಸ್ವಿಫ್ಟ್ ಕೊಡಲಿಕ್ಕೆ ಆಗುವುದಿಲ್ಲ. ಕೊಡಲಿಕ್ಕೆ ಆಗುತ್ತಿದ್ದರೂ ಹಾಗೆ ಕೇಳುವುದು ಸರಿಯಲ್ಲ ಎಂದೂ ಹೇಳಿದೆವು, ಸ್ವಲ್ಪ ಸ್ವರ ಏರಿತು. ಹಿರಿಯರು ಬೇಸರ ಮಾಡಲಿಲ್ಲ. "ಸ್ವಿಫ್ಟ್ ಮಾತು ನಮ್ಮ ಹೆಂಗಸರು ತಮಾಷೆಗೆ ಹೇಳಿದ್ದು ಉಸ್ತಾದರೇ" ಎಂದರು. "ಯೋಚನೆ ಮಾಡಿ ತಿಳಿಸ್ತೇವೆ" ಎಂದೂ ಹೇಳಿದರು. ಮೂರು ವಾರವಾಯಿತು. ಫೋನ್ ಬಂದಿಲ್ಲ. ಅಕ್ಕ ನಮ್ಮ ಮೇಲೆ ಸಿಟ್ಟಾಗಿದ್ದಾಳೆ, ಸಂಬಳ ಯಾಕೆ ಹೇಳಬೇಕಿತ್ತು ಎಂದು. ಹುಡುಗಿ ಮಾತ್ರ, "ಮಾಮ ಹೇಳಿದ್ದು ಸರಿ ಉಮ್ಮಾ, ನಾಳೆ ಆ ಮನೆಗೆ ಹೋಗಿ ಸುಳ್ಳು ಹೇಳ್ತಾ ಇರ್ಬೇಕಾದದ್ದು ನಾನಲ್ವಾ?" ಎಂದಳಂತೆ.

ಅಳಿಯ ವಿಡಿಯೋ ತೆಗೆದಿಲ್ಲ. ತೆಗೆಯುವುದು ಬೇಡ ಎಂದು ನಾವೇ ಹೇಳಿದೆವು. ತೆಗೆದರೆ ಕಾರು ಮಾರಿದ ಎನ್ನುತ್ತಾರೆ ನಮ್ಮ ಜನ. ಅದರ ಕೆಳಗೆ ಈಗ ಬರೆದಿದ್ದಾನೆ: ಬಾಡಿಗೆ, 700 ದಿರ್ಹಂ, ಒಂದು ಗಂಟೆ, ನಾನು ಪಕ್ಕದ ಸೀಟು. ಅದನ್ನು ನೋಡಿ ಅವನ ರೂಮಿನ ಇಬ್ಬರು ಸಿಟ್ಟಾಗಿದ್ದಾರಂತೆ. ಅವರದ್ದೂ ಅದೇ ಹಳದಿ ಕಾರಿನ ವಿಡಿಯೋ ಊರಲ್ಲಿ ಓಡುತ್ತಿದೆ.

ಮುಂದಿನ ರಜೆಯಲ್ಲಿ ಅವನು ಐಗಳಿಗೆ ಬರುತ್ತಾನೆ. ವಿಜಯಪುರಕ್ಕೆ ಹೋಗುವುದೆಂದು ನಿಶ್ಚಯ ಮಾಡಿದ್ದೇವೆ. ಚಹಾದಂಗಡಿಯ ಹುಡುಗನೂ ಬರುತ್ತೇನೆ ಎಂದಿದ್ದಾನೆ. ಟಾಂಗಾಕ್ಕೆ ಎಷ್ಟು ಎಂದು ಅಳಿಯ ಈಗಲೇ ಕೇಳುತ್ತಿದ್ದಾನೆ. ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು ಎಂದು ಹೇಳಿದ್ದೇವೆ.